ಮದುವೆಯ ಮಂಟಪವೇ ರಂಗಮಂದಿರ

ಮೈಸೂರಿನ ದೊಡ್ಡ ಅರಮನೆಯಿಂದ ಪಶ್ಚಿಮಕ್ಕೆ ಕೂಗಳತೆಯ ದೂರದಲ್ಲಿ ಜಗನ್ಮೋಹನ ಅರಮನೆಯಿದೆ. ರವಿವರ್ಮನ ಚಿತ್ರಗಳನ್ನು ಕಾಣುವ ಆತುರದಲ್ಲಿ ಪ್ರವಾಸಿಗರು ಮುಂಭಾಗದ ಸಭಾಂಗಣವನ್ನು ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಅದರ ಕಥೆ ಯಾವ ಚಿತ್ರಕ್ಕೂ ಕಡಿಮೆಯಾದುದಲ್ಲ.

ಹಿಂಬದಿಯ ಮೂಲ ಕಟ್ಟಡ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಮರದ ಹಳೆಯ ಅರಮನೆ ಅಗ್ನಿಗೆ ಆಹುತಿಯಾದಾಗ ರಾಜಪರಿವಾರಕ್ಕೆ ಆಶ್ರಯವಿತ್ತದ್ದು ಇದೇ. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹಕ್ಕೆಂದು ಮುಂಭಾಗದ ಮಂಟಪ ಎದ್ದು ನಿಂತಿತು. ಅದು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸಂಧ್ಯಾಕಾಲ. 1902ರ ಆಗಸ್ಟ್ 8ರಂದು ಇಲ್ಲಿಯೇ ಲಾರ್ಡ್ ಕರ್ಜನ್ ಮಹಾರಾಜರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟನು.

ಮೈಸೂರು ಅರಮನೆಗೂ ನಾಟಕಕ್ಕೂ ಇರುವ ನಂಟು ಈ ಮಂಟಪಕ್ಕಿಂತ ಹಳೆಯದು. 1870ರ ದಶಕದಲ್ಲಿ ಉತ್ತರದ ಗದಗಿನಲ್ಲಿ ಶಾಂತಕವಿಗಳು ಮರಾಠಿ ನಾಟಕಗಳ ಪ್ರಾಬಲ್ಯದ ನಡುವೆ ಕನ್ನಡ ರಂಗಭೂಮಿಯನ್ನು ಕಟ್ಟಲು ಹೆಣಗಿದರು. ಮುಂದಿನ ದಶಕದಲ್ಲಿ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದ ಮಂಡಳಿಯು ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲವನ್ನು ಆಡಿತು. ಅಲ್ಲಿ ಊರಿನ ಜನರ ಉತ್ಸಾಹ. ಇಲ್ಲಿ ಅರಸರ ಪೋಷಣೆ.

ಆದರೆ ದರ್ಬಾರಿನ ಮಂಟಪವನ್ನು ರಂಗಮಂದಿರವಾಗಿಸುವುದು ಸುಲಭವಲ್ಲ. ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿದ್ದೇ 1902ರಲ್ಲಿ. ಅದಕ್ಕೆ ಮುನ್ನ ಕಟ್ಟಿದ ಮಂಟಪಕ್ಕೆ ಹಗಲ ಬೆಳಕೇ ಶೋಭೆ. ನಾಟಕಕ್ಕಾದರೋ ಕತ್ತಲೆ ಬೇಕು, ದೀಪಗಳನ್ನು ತೂಗಿಸಲು ಆಧಾರ ಬೇಕು, ನಟರಿಗೆ ನೇಪಥ್ಯ ಬೇಕು. ದರ್ಬಾರಿನಲ್ಲಿ ಎಲ್ಲರ ದೃಷ್ಟಿ ಸಿಂಹಾಸನದ ಕಡೆಗೆ. ನಾಟಕದಲ್ಲಿ ರಂಗದ ಕಡೆಗೆ. ಇಂದಿನ ಪ್ರೇಕ್ಷಕನಿಗಾಗಿ ಒಂದು ಮೊಳೆ ಹೊಡೆಯಬೇಕಾದರೂ ಅಂದಿನ ಕುಶಲಿಗಳ ಗಾರೆಯ ಕೆಲಸಕ್ಕೆ, ದಶಾವತಾರದ ಕೆತ್ತನೆಯ ಬಾಗಿಲಿಗೆ ಪೆಟ್ಟಾಗದಂತೆ ಯೋಚಿಸಬೇಕು.

ಹಾಗೆಂದು ಬೀಗ ಹಾಕಿ ಕಾಯ್ದಿಟ್ಟರೆ ಕಟ್ಟಡ ಉಳಿದೀತೆ? ಹಿಂದಿನ ಕಟ್ಟಡಕ್ಕೆ 1915ರಲ್ಲಿ ಚಿತ್ರಶಾಲೆ ಬಂದು ಹೊಸ ಜೀವ ಕೊಟ್ಟಿತು. ಮುಂದಿನ ಮಂಟಪಕ್ಕೆ ಜೀವ ಕೊಟ್ಟವರು ಪ್ರೇಕ್ಷಕರು. ದಸರಾ ಉತ್ಸವದ ಸಂಗೀತ, ನೃತ್ಯ, ನಾಟಕಗಳಿಗೆ ಇದು ವೇದಿಕೆಯಾಗುತ್ತ ಬಂದಿದೆ. ಒಂದು ಕಾಲಕ್ಕೆ ಅರಮನೆಯ ಆಹ್ವಾನವುಳ್ಳವರು ಮಾತ್ರ ಆಸೀನರಾಗುತ್ತಿದ್ದ ತಾಣದಲ್ಲಿ ಇಂದು ಸಾಮಾನ್ಯ ಗೃಹಸ್ಥರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಟಕ ನೋಡುತ್ತಾರೆ. ಮಂಟಪದ ನಿಜವಾದ ಜೀರ್ಣೋದ್ಧಾರವೆಂದರೆ ಅದೇ.