ಪೆಂಡೈನ್ ಕಡಲತಡಿಯಲ್ಲಿ ಪ್ಯಾರಿ ಥಾಮಸ್

ವೇಲ್ಸ್ ಸೀಮೆಯ ದಕ್ಷಿಣ ಭಾಗದಲ್ಲಿ ಕಾರ್ಮಾರ್ಥನ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿಂದ ಪಡುವಣಕ್ಕೆ ಹೊರಟು, ಸೇಂಟ್ ಕ್ಲಿಯರ್ಸ್ ಎಂಬ ಊರಿನ ಬಳಿ ಹೆದ್ದಾರಿಯನ್ನು ಬಿಟ್ಟು ತೆಂಕಣಕ್ಕೆ ತಿರುಗಿದರೆ, ದಾರಿಯು ಲಾರ್ನ್ ಗ್ರಾಮವನ್ನು ಹಾದು ಕಡಲಿನತ್ತ ಸಾಗುತ್ತದೆ. ಡಿಲನ್ ಥಾಮಸ್ ಕವಿಯು ತನ್ನ ಕಡೆಯ ವರ್ಷಗಳಲ್ಲಿ ವಾಸವಾಗಿದ್ದುದು ಈ ಲಾರ್ನ್‌ನಲ್ಲಿಯೇ. ಸಾಹಿತ್ಯಾಸಕ್ತರಾದ ಪ್ರವಾಸಿಗರು ಅನೇಕರು ಅಲ್ಲಿಗೇ ನಿಂತುಬಿಡುವರು. ಇನ್ನೂ ನಾಲ್ಕೈದು ಮೈಲಿ ಮುಂದೆ ಹೋಗುವ ತಾಳ್ಮೆಯುಳ್ಳವರಿಗೆ ಪೆಂಡೈನ್ ಸಿಕ್ಕುತ್ತದೆ. ಹೆಸರಿನ ಸಾಮ್ಯದಿಂದ ವಾಚಕರು ಭ್ರಮಿಸಬಾರದು. ನಾವು ಇಲ್ಲಿ ನೆನೆಯಹೊರಟಿರುವ ಥಾಮಸನು ಬೇರೆ.

ಪೆಂಡೈನ್ ಬಹು ಚಿಕ್ಕ ಊರು. ಗುಡ್ಡದ ಬುಡದಲ್ಲಿ ಒತ್ತಾಗಿ ಕುಳಿತ ಮನೆಗಳು. ಅವುಗಳ ಮುಂದೆ, ಮೂಡಣದ ಕಡೆಗೆ ಏಳು ಮೈಲಿ ಚಾಚಿಕೊಂಡಿರುವ ಮರಳು. ಸಮುದ್ರವು ಇಳಿತದ ಹೊತ್ತಿನಲ್ಲಿ ಬಹುದೂರ ಹಿಂದಕ್ಕೆ ಸರಿಯುತ್ತದೆ. ಆಗ ತೆರವಾಗುವ ಒದ್ದೆ ಮರಳು ಗಾರೆ ಹಾಕಿದ ಅಂಗಳದಂತೆ ಗಟ್ಟಿಯಾಗಿರುತ್ತದೆ. ಬ್ರಿಟನ್ನಿನಲ್ಲಿ ಗಂಟೆಗೆ ನೂರೈವತ್ತು ಮೈಲಿ ಓಡಬಲ್ಲ ಯಂತ್ರಗಳು ಹುಟ್ಟಿದರೂ, ಅವು ಓಡುವಷ್ಟು ನೇರವಾದ ರಸ್ತೆ ಆ ದೇಶದಲ್ಲಿ ಇರಲಿಲ್ಲ. ಆದುದರಿಂದ ವೇಗದ ಹುಚ್ಚು ಹಿಡಿದವರು ಕಡಲತೀರಗಳನ್ನು ಅರಸುತ್ತ ಬಂದರು. ಮಾಲ್ಕಂ ಕ್ಯಾಂಬೆಲ್ ಎಂಬಾತನು 1924ರಲ್ಲಿ ಇಲ್ಲಿಯೇ ಗಂಟೆಗೆ 146 ಮೈಲಿ ವೇಗವನ್ನು ಸಾಧಿಸಿ, ಹೆಸರಿಲ್ಲದ ಈ ಹಳ್ಳಿಯನ್ನು ಲೋಕಕ್ಕೆ ಪರಿಚಯ ಮಾಡಿಸಿದನು.

ಜಾನ್ ಗಾಡ್‌ಫ್ರೆ ಪ್ಯಾರಿ ಥಾಮಸನು 1885ರಲ್ಲಿ ವೇಲ್ಸಿನ ರೆಕ್ಸಮ್ ಪಟ್ಟಣದಲ್ಲಿ ಜನಿಸಿದನು. ತಂದೆ ಪಾದ್ರಿ. ಮಗನು ಲಂಡನ್ನಿನಲ್ಲಿ ಎಂಜಿನಿಯರಿಂಗ್ ಕಲಿತು, ಲೇಲೆಂಡ್ ಮೋಟಾರು ಕಂಪನಿಯ ಮುಖ್ಯ ಎಂಜಿನಿಯರನಾದನು. ಆ ಸಂಸ್ಥೆಗಾಗಿ ಆತನು ರಚಿಸಿದ ಎಂಟು ಸಿಲಿಂಡರಿನ ಮೋಟಾರು ಅಂದಿನ ಉತ್ತಮೋತ್ತಮ ವಾಹನಗಳಲ್ಲಿ ಒಂದೆನಿಸಿದ್ದಿತು. ಒಳ್ಳೆಯ ಹುದ್ದೆಯನ್ನು ತೊರೆದು ಆತನು ಲಂಡನ್ನಿನ ಬಳಿಯ ಬ್ರೂಕ್ಲೆಂಡ್ಸ್ ಪಂದ್ಯದ ಕಣದಲ್ಲಿಯೇ ಮನೆ ಮಾಡಿದನು. ಪ್ರಾಣದ ಪರಿವೆಯಿಲ್ಲದ ಮೋಜುಗಾರನೆಂದು ಆತನನ್ನು ಎಣಿಸುವುದು ಸರಿಯಲ್ಲ. ಆತನಿಗೆ ಓಟವೆಂಬುದು ತಾನು ಹಾಕಿದ ಲೆಕ್ಕವನ್ನು ತಾನೇ ಪರೀಕ್ಷಿಸುವ ವಿಧಾನವಾಗಿದ್ದಿತು. ತನ್ನ ಲೆಕ್ಕದ ತಪ್ಪಿಗೆ ಬೇರೊಬ್ಬನು ಬಲಿಯಾಗದಂತೆ ತಾನೇ ಚುಕ್ಕಾಣಿ ಹಿಡಿಯುವ ಎಂಜಿನಿಯರರು ಎಷ್ಟು ಮಂದಿ ಸಿಕ್ಕಾರು?

ಆತನ ಬಂಡಿಗೂ ಒಂದು ಪೂರ್ವಕಥೆಯುಂಟು. ಲೂಯಿ ಝ್ಬೊರೋವ್ಸ್ಕಿ ಎಂಬ ಸಿರಿವಂತ ತರುಣನು ಅದನ್ನು ಮೊದಲು ಮಾಡಿಸಿದವನು. ಈ ತರುಣನ ತಂದೆಯು 1903ರಲ್ಲಿ ಮೋಟಾರು ಪಂದ್ಯವೊಂದರಲ್ಲಿ ಮಡಿದಿದ್ದನು. ಮಗನೂ 1924ರಲ್ಲಿ ಇಟಲಿಯ ಮೊಂಜಾ ಕಣದಲ್ಲಿ ಅದೇ ಹಾದಿ ಹಿಡಿದನು. ವಾರಸುದಾರನಿಲ್ಲದೆ ಉಳಿದ ಆ ಬಂಡಿಯನ್ನು ಥಾಮಸನು 125 ಪೌಂಡಿಗೆ ಕೊಂಡನು. ಅದರೊಳಗೆ ಇದ್ದುದು ವಿಮಾನಕ್ಕಾಗಿ ತಯಾರಾದ 27 ಲೀಟರಿನ ಲಿಬರ್ಟಿ ಎಂಜಿನ್ನು; ಹನ್ನೆರಡು ಸಿಲಿಂಡರು, ಸುಮಾರು 450 ಕುದುರೆಗಳ ಬಲ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುತ್ತಿದ್ದುದು ಸೈಕಲ್ಲಿನಲ್ಲಿರುವಂತೆ ಸರಪಳಿ. ಆದರೆ ಎರಡು, ಅದೂ ದೈತ್ಯಾಕಾರದವು. ಥಾಮಸನು ಅದರ ಮೈಯನ್ನು ತಗ್ಗಿಸಿ, ಗಾಳಿ ಸೀಳುವಂತೆ ತಿದ್ದಿ, ಬ್ಯಾಬ್ಸ್ ಎಂದು ಹೆಣ್ಣುಮಗುವಿನ ಮುದ್ದುಹೆಸರನ್ನು ಇಟ್ಟನು.

1926ರ ಏಪ್ರಿಲ್ ತಿಂಗಳಲ್ಲಿ ಈ ಹಳೆಯ ಬಂಡಿಯು ಪೆಂಡೈನ್ ಮರಳಿನ ಮೇಲೆ ಗಂಟೆಗೆ 171 ಮೈಲಿ, ಎಂದರೆ ಸುಮಾರು 275 ಕಿಲೋಮೀಟರು, ಓಡಿತು. ಹಿಂದಿನ ತಿಂಗಳಲ್ಲಿ ಹೆನ್ರಿ ಸೀಗ್ರೇವನು ಸ್ಥಾಪಿಸಿದ್ದ 152 ಮೈಲಿಯ ದಾಖಲೆಯು ಮಾತಿಲ್ಲದೆ ಬಿದ್ದುಹೋಯಿತು. ಆದರೆ ಕ್ಯಾಂಬೆಲನು ಬಹಳ ಹಣ ಸುರಿದು ಕಟ್ಟಿಸಿದ ಹೊಸ ಬ್ಲೂಬರ್ಡಿನಲ್ಲಿ 1927ರ ಫೆಬ್ರವರಿ 4ರಂದು ಇದೇ ದಂಡೆಯ ಮೇಲೆ ಸುಮಾರು 175 ಮೈಲಿ ಮುಟ್ಟಿದನು. ಥಾಮಸನು ತಿಂಗಳೊಳಗೆ ಮರಳಿ ಬಂದನು.

ಮಾರ್ಚ್ 3ರಂದು ಬ್ಯಾಬ್ಸ್ ಪೂರ್ಣ ವೇಗದಲ್ಲಿರುವಾಗ ದಿಕ್ಕುತಪ್ಪಿ ಮಗುಚಿತು. ಥಾಮಸನು ಕುಳಿತಲ್ಲಿಯೇ ಪ್ರಾಣ ಬಿಟ್ಟಿದ್ದನು, ವಯಸ್ಸು ನಲವತ್ತೊಂದು. ನೆಲದ ಮೇಲಿನ ವೇಗದ ದಾಖಲೆಗಾಗಿ ಸತ್ತ ಮೊದಲ ಚಾಲಕನೆಂದು ಆತನನ್ನು ಹೇಳುತ್ತಾರೆ. ಬಲಗಡೆಯ ಸರಪಳಿ ತುಂಡಾಗಿ ತಲೆಗೆ ಬಡಿಯಿತೆಂಬ ಮಾತು ಎಲ್ಲೆಡೆ ಹಬ್ಬಿತು. ಆ ಬಂಡಿಯನ್ನು ಮತ್ತೆ ಯಾರೂ ಏರಬಾರದೆಂದು ಜೊತೆಗಾರರು ಅದನ್ನು ಅಲ್ಲಿಯ ಮರಳುದಿಬ್ಬದಲ್ಲಿ ಗುಂಡಿ ತೋಡಿ ಹೂಳಿದರು. ಇದಾಗಿ, ದುರಂತ ನಡೆದ ಇಪ್ಪತ್ತಾರನೆಯ ದಿನಕ್ಕೆ ಸೀಗ್ರೇವನು ಅಮೆರಿಕದ ಡೇಟೋನಾ ದಂಡೆಯಲ್ಲಿ 203 ಮೈಲಿ ದಾಟಿದನು. ಥಾಮಸನು ಅಂದು ಗೆದ್ದಿದ್ದರೂ ಆ ಗೆಲವಿನ ಆಯುಸ್ಸು ಇಷ್ಟೇ. ಅಂತಹ ವೇಗಕ್ಕೆ ಏಳು ಮೈಲಿಯ ಪೆಂಡೈನ್ ಸಾಲದೆ ಹೋಯಿತು.

ಆಮೇಲೆ ಈ ಮರಳು ಬೇರೆ ಸಾಹಸಗಳನ್ನೂ ಕಂಡಿತು. 1933ರಲ್ಲಿ ಏಮಿ ಜಾನ್ಸನ್ ತನ್ನ ಗಂಡನೊಡನೆ ಇಲ್ಲಿಂದಲೇ ವಿಮಾನವೇರಿ ನ್ಯೂಯಾರ್ಕಿಗೆ ಹೊರಟಳು. ಸಾಗರವನ್ನು ದಾಟಿಯೂ ಗುರಿ ಮುಟ್ಟುವ ಮೊದಲೇ ಬ್ರಿಜ್‌ಪೋರ್ಟಿನಲ್ಲಿ ವಿಮಾನ ಅಪಘಾತಕ್ಕೀಡಾಯಿತು, ದಂಪತಿಗಳು ಬದುಕಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಂಡೆಯು ಸೈನ್ಯದ ವಶವಾಗಿ ಗುಂಡು ಹಾರಿಸುವ ಬಯಲಾಯಿತು. ಬ್ಯಾಬ್ಸ್ ಹೂತಿದ್ದ ದಿಬ್ಬವೂ ಆ ಬೇಲಿಯೊಳಗೇ ಸೇರಿತು.

ಓವನ್ ವಿನ್ ಓವನ್ ಎಂಬ ವೇಲ್ಸಿನ ಎಂಜಿನಿಯರಿಂಗ್ ಅಧ್ಯಾಪಕನು 1969ರಲ್ಲಿ ಸರಕಾರದ ಅಪ್ಪಣೆಯನ್ನೂ ಥಾಮಸನ ಬಂಧುವಿನ ಒಪ್ಪಿಗೆಯನ್ನೂ ಪಡೆದು ಅದನ್ನು ಅಗೆದು ತೆಗೆದನು. ಗೋರಿಯನ್ನು ಕೆದಕುವುದು ಧರ್ಮವೇ ಎಂದು ಯಾರಿಗಾದರೂ ತೋರುವುದು ಸಹಜ. ನಮಗೂ ಮೊದಲು ಹಾಗೆಯೇ ತೋರಿತು. ಆದರೆ ನಲವತ್ತೆರಡು ವರ್ಷ ಉಪ್ಪುಮರಳಿನಲ್ಲಿ ತುಕ್ಕು ಹಿಡಿದ ಆ ಲೋಹವನ್ನು ಓವನ್ನನು ವರ್ಷಗಟ್ಟಲೆ ಕುಳಿತು ತಿದ್ದಿದ ರೀತಿಯನ್ನು ತಿಳಿದ ಮೇಲೆ ಆ ಸಂಶಯ ಉಳಿಯುವುದಿಲ್ಲ. ಕೆಲಸ ನಡೆದಂತೆ ಆತನಿಗೆ ಇನ್ನೊಂದು ಸಂಗತಿ ಹೊಳೆಯಿತು: ಮೊದಲು ಮುರಿದುದು ಸರಪಳಿಯಲ್ಲ, ಬಲಬದಿಯ ಹಿಂದಿನ ಚಕ್ರವಿರಬೇಕು. ಸರಪಳಿಯನ್ನು ನಂಬಿ ಕೆಟ್ಟನೆಂದು ಎಂಜಿನಿಯರನಾದ ಥಾಮಸನ ಮೇಲೆ ಹೊರಿಸಿದ್ದ ದೋಷವು ಹೀಗೆ ಬಹುಮಟ್ಟಿಗೆ ಇಳಿಯಿತು. ಬ್ಯಾಬ್ಸಿನ ಎಂಜಿನ್ನು ಮತ್ತೆ ಗರ್ಜಿಸಿತು.

ದಂಡೆಯ ಪಕ್ಕದಲ್ಲಿ ವೇಗದ ಇತಿಹಾಸಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಅದರ ಹೊಸ ಕಟ್ಟಡ 2023ರಲ್ಲಿ ತೆರೆಯಿತು. ಅಲ್ಲಿ ಬ್ಯಾಬ್ಸಿಗೆ ಮಾನ್ಯಸ್ಥಾನವುಂಟು. ಥಾಮಸನು ಮಾತ್ರ ಇಲ್ಲಿಲ್ಲ. ಬ್ರೂಕ್ಲೆಂಡ್ಸಿಗೆ ಸಮೀಪದ ಬೈಫ್ಲೀಟ್ ಗ್ರಾಮದ ಸೇಂಟ್ ಮೇರಿ ಇಗರ್ಜಿಯ ಅಂಗಳದಲ್ಲಿ ಆತನ ಸಮಾಧಿಯಿದೆ.