ಹಿರಿಯರೆಂಬ ಹೆಸರು

ಚೀನಾದಲ್ಲಿ ಗುರುವನ್ನು 'ಲಾವೋಷಿ' ಎಂದು ಕರೆಯುತ್ತಾರೆ. 'ಲಾವೋ' ಎಂದರೆ ಹಿರಿಯರು. 2019ರಲ್ಲಿ ಚೆಂಗ್ಡು ನಗರದಲ್ಲಿ ಖಾಸಗಿಯಾಗಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸೇರಿದ ನನ್ನ ಅಣ್ಣನ ಮಗಳಿಗೆ ಇಪ್ಪತ್ತೈದರ ಹರೆಯದಲ್ಲೇ ಆ ಗೌರವ ದೊರೆಯಿತು.

"ಚಿಕ್ಕಪ್ಪಾ, ಇವರ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ, ಭೂತಕಾಲ ಕಲಿಸುವುದು ಕಷ್ಟ. ರಾತ್ರಿಯ ಪಾಠದಲ್ಲಿ ತೂಕಡಿಸುವ ಎಂಟು ವರ್ಷದ ಮಗುವನ್ನು ಎಬ್ಬಿಸುವುದು ಅದಕ್ಕಿಂತ ಕಷ್ಟ" ಎಂದು ಅವಳು ಬರೆದಳು. ಹೆತ್ತವರ ಕಣ್ಣು ಆಗಲೇ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಾದ 'ಗಾವೋಕಾವೋ'ದ ಮೇಲಿತ್ತು. ಸಾಮಾನ್ಯವಾಗಿ ಅದರ 750 ಅಂಕಗಳಲ್ಲಿ ಇಂಗ್ಲಿಷಿಗೆ 150.

ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲಾ ವಿಷಯಗಳನ್ನು ಸಂಸ್ಥೆಗಳು ಲಾಭಕ್ಕಾಗಿ ಹೇಳಿಕೊಡುವುದನ್ನು ಅಲ್ಲಿನ ಸರಕಾರ 2021ರ ಜುಲೈಯಲ್ಲಿ ನಿಷೇಧಿಸಿತು. ಅವಳ ಕೆಲಸ ಹೋಯಿತು. "ಸಂಬಳ ಹೋದ ದುಃಖವಿದೆ, ಆದರೆ ಆ ಮಗು ಈಗ ಹೊತ್ತಿಗೆ ಮಲಗುತ್ತಿರಬಹುದು" ಎಂದಳು.

ಪ್ರಿಯ ಹೆತ್ತವರೇ, ಮಕ್ಕಳ ನಾಳೆಗಾಗಿ ಎಲ್ಲವನ್ನೂ ಕೊಡುತ್ತೀರಿ. ಈ ರಾತ್ರಿಯ ನಿದ್ರೆಯನ್ನೂ ಅವರಿಗೆ ಬಿಟ್ಟುಕೊಡಿ.