ನೀರಿನ ಮೇಲಣ ದಾರಿ

ಚಕ್ರದ ಮೇಲೆ ಮನೆ ಹೂಡಿಕೊಂಡು ತಿರುಗುವುದು ನಮ್ಮ ಸೀಮೆಗೆ ಇನ್ನೂ ಹೊಸತು. ಹುಬ್ಬಳ್ಳಿಯಿಂದ ಬಾಡಿಗೆಗೆ ತರಿಸಿದ ಮನೆಬಂಡಿ ಯಲ್ಲಾಪುರದ ಪೇಟೆಯಲ್ಲಿ ನಿಂತಾಗ ಅದರೊಳಗಿನ ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ನೋಡಲು ಹುಡುಗರ ಹಿಂಡೇ ನೆರೆಯಿತು. ನನಗೆ ವಿಲಾಸದ ಹಂಬಲವಿರಲಿಲ್ಲ. ಎಂಬತ್ತು ದಾಟಿದ ದೊಡ್ಡಮ್ಮನಿಗೆ ಸೊಂಟದ ನೋವು. ಅರ್ಧ ಗಂಟೆಗಿಂತ ಹೆಚ್ಚು ಕುಳಿತಿರಲಾರಳು. ಆದರೂ ಸಿಗಂದೂರಿನ ಹೊಸ ಸೇತುವೆಯನ್ನು ನೋಡಿಯೇ ತೀರಬೇಕೆಂಬ ಹಟ. ಮಲಗಿಕೊಂಡು ಹೋಗಲು ಬೇರೆ ಉಪಾಯವಿರಲಿಲ್ಲ.

ದಸರೆಯ ರಜೆಯ ದಿನಗಳು. ಶಿರಸಿಯ ದಾರಿಯಲ್ಲಿ ಬೇಡ್ತಿ ಹೊಳೆಯನ್ನು ದಾಟಿದೆವು. ಈ ಹೊಳೆಗೂ ಅಣೆಕಟ್ಟು ಬರಬೇಕಾಗಿತ್ತು. 1980ರ ದಶಕದ ಆರಂಭದಲ್ಲಿ ಇಲ್ಲಿನ ತೋಟಿಗರು ಒಗ್ಗೂಡಿ ವಿರೋಧಿಸಿದರು. 1981ರಲ್ಲಿ ಶಿರಸಿಗೆ ವಿಜ್ಞಾನಿಗಳನ್ನು ಕರೆಸಿ ಲಾಭನಷ್ಟಗಳ ಲೆಕ್ಕವನ್ನೇ ಚರ್ಚೆಗಿಟ್ಟರು. ಯೋಜನೆ ನಿಂತಿತು. ಅವರಿಗೆ ಶರಾವತಿಯ ಮುಳುಗಡೆ ದೂರದ ಸುದ್ದಿಯಾಗಿರಲಿಲ್ಲ.

ಸಿದ್ದಾಪುರ ದಾಟಿದ ಮೇಲೆ ಮರದ ನೆರಳಿನಲ್ಲಿ ಬಂಡಿ ನಿಲ್ಲಿಸಿ ಕಷಾಯ ಕಾಸಿಕೊಂಡೆವು. ತಾಳಗುಪ್ಪ, ಜೋಗಗಳ ಮೇಲೆ ಹಾದು ಲಿಂಗನಮಕ್ಕಿಯ ಕಡೆಗೆ ತಿರುಗಿದೆವು. 1964ರಲ್ಲಿ ನಿಂತ ಈ ಕಟ್ಟೆಯ ಉದ್ದ 2.7 ಕಿಲೋಮೀಟರಿಗೂ ಮಿಕ್ಕಿದ್ದು. 1819 ಅಡಿಯ ಮಟ್ಟಕ್ಕೆ ನೀರೇರಿದರೆ ಜಲಾಶಯ ತುಂಬಿದಂತೆ. ಇಲ್ಲಿನ ನೀರು ತಲಕಳಲೆಯ ಮೂಲಕ ಸಾಗಿ ಕಣಿವೆಗೆ ಧುಮುಕಿ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಆ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಹಿಂದಿನ ಹಿರೇಭಾಸ್ಕರ ಕಟ್ಟೆಯೂ ಈ ನೀರಿನಲ್ಲಿಯೇ ಮುಳುಗಿದೆ. ಕಟ್ಟೆಯೇ ಮುಳುಗುವಲ್ಲಿ ಹಳ್ಳಿಗಳ ಪಾಡೇನು!

ನಾನು ಕಟ್ಟೆಯನ್ನು ಬೆರಗಿನಿಂದ ನೋಡುತ್ತಿದ್ದೆನೆಂದು ಒಪ್ಪಿಕೊಳ್ಳಬೇಕು. ಆ ವಿದ್ಯುತ್ತಿನ ಬೆಳಕಿನಲ್ಲಿಯೇ ಓದಿ ಎಂ.ಎ. ಮಾಡಿದವನು ನಾನು. ದೊಡ್ಡಮ್ಮ ಮಾತ್ರ ಹಾಸಿಗೆಯಿಂದ ಏಳಲಿಲ್ಲ. "ನೀ ನೋಡ್ಕೊಂಡು ಬಾ ತಮಾ," ಎಂದು ಗೋಡೆಯ ಕಡೆಗೆ ಮಗ್ಗುಲಾದಳು.

ಅವಳ ತವರು ಕರೂರು ಸೀಮೆ. ಮನೆ, ತೋಟ, ಅಂಗಳದ ಬಾವಿ ಎಲ್ಲವೂ ನೀರಿನಡಿಗೆ ಹೋದಾಗ ಅಜ್ಜ ಸಿದ್ದಾಪುರದ ಕಡೆಗೆ ಬಂದ. ಅಜ್ಜನ ತಮ್ಮ ಮಾತ್ರ ದಿಬ್ಬದ ಮೇಲಿನ ತುಂಡು ಜಮೀನನ್ನು ಬಿಡಲಾರದೆ ಆಚೆಯ ದಡದಲ್ಲಿಯೇ ಉಳಿದ. ನಾಡಿಗೆ ಬೆಳಕು ಬಂತು. ಅವನಿಗೆ ಸಾಗರದ ಪೇಟೆಗೆ ಇದ್ದ ದಾರಿ ಹೋಯಿತು. ಮುಂದೆ ಲಾಂಚ್ ಬಂದರೂ ರಾತ್ರಿ ಅದು ಓಡುತ್ತಿರಲಿಲ್ಲ. ನಲವತ್ತು ವರ್ಷಗಳ ಹಿಂದೆ ಅವನ ಮಗಳಿಗೆ ಅಕಾಲದಲ್ಲಿ ಹೆರಿಗೆ ನೋವು ಕಾಣಿಸಿಕೊಂಡಿತು. ಕಂಬಳಿಯಲ್ಲಿ ಹೊತ್ತು ತಂದು ಕಡವಿನಲ್ಲಿ ಬೆಳಗಿನವರೆಗೆ ಕಾದರು. ಮೊದಲ ಲಾಂಚ್ ಬರುವ ಹೊತ್ತಿಗೆ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ.

ಸಾಗರದ ಮೇಲೆ ಬಳಸಿ ಅಂಬಾರಗೋಡ್ಲುವನ್ನು ಮುಟ್ಟಿದಾಗ ಸಂಜೆಯಾಗಿತ್ತು. ಅಲ್ಲಿಂದ ಕಳಸವಳ್ಳಿಗೆ ಸುಮಾರು 2.4 ಕಿಲೋಮೀಟರಿನ ತೂಗು ತಂತಿಗಳ ಸೇತುವೆ. 2025ರ ಜುಲೈ 14ರಂದು ಸಂಚಾರಕ್ಕೆ ತೆರೆದದ್ದು. ಕಟ್ಟೆಗೂ ಸೇತುವೆಗೂ ನಡುವೆ 61 ವರ್ಷ! ದೊಡ್ಡಮ್ಮ ಎದ್ದು ಕಿಟಕಿಗೆ ಮುಖವಿಟ್ಟಳು. ತುಂಬಿದ ನೀರಿನಲ್ಲಿ ಗುರುತೆನ್ನುವುದು ಒಂದೂ ಇರಲಿಲ್ಲ. "ಇಲ್ಲೇ ಎಲ್ಲೋ ಕೆಳಗಿದ್ದು," ಎಂದಳು. ಐದು ನಿಮಿಷದೊಳಗೆ ಆಚೆ ದಡ ಬಂದಿತು. "ಇಷ್ಟೇಯಾ?" ಎಂದು ನನ್ನನ್ನೇ ಕೇಳಿದಳು, ನಾನೇನೋ ದಾರಿ ತಪ್ಪಿಸಿದವನಂತೆ.

ರಾತ್ರಿ ಕಳಸವಳ್ಳಿಯ ಕಡೆಯಲ್ಲಿಯೇ ತಂಗಿದೆವು. ಊಟವಾಗಿ ನಾನು ದೀಪವಾರಿಸುವುದರಲ್ಲಿದ್ದೆ. ಗಂಟೆ ಹತ್ತು ಹೊಡೆದಿತ್ತು.

"ತಮಾ, ಒಂದ್ಸಲ ಆಚೆ ದಡಕ್ಕೆ ಹೋಗಿ ಬಪ್ಪನ."

"ಈ ಹೊತ್ತಿನಲ್ಲಿ ಅಲ್ಲೇನಿದೆ ದೊಡ್ಡಮ್ಮ?"

ಅವಳು ಉತ್ತರ ಕೊಡದೆ ಶಾಲು ಹೊದ್ದು ಕುಳಿತಳು. ಚಾಲಕನನ್ನು ಎಬ್ಬಿಸಿದೆ. ಬಂಡಿ ಸೇತುವೆಯನ್ನೇರಿತು. ಇಕ್ಕೆಲದಲ್ಲಿಯೂ ಕತ್ತಲೆ, ಕೆಳಗೆ ನೀರು. ಅರ್ಧ ಗಂಟೆಗಿಂತ ಹೆಚ್ಚು ಕುಳಿತಿರಲಾರದವಳು ಹೋಗಿ ಬರುವವರೆಗೂ ನೆಟ್ಟಗೆ ಕುಳಿತೇ ಇದ್ದಳು.